ಹಳೇ ಕಂಪ್ಯೂಟರಿಗೆ ನೀಲಿ ಪೋರ್ಟು

ಹತ್ತು ಹದಿನೈದು ವರ್ಷ ಹಳೆಯ ಡೆಸ್ಕ್‌ಟಾಪ್‌ಗೆ ಜನ ಮಾಡಿಸುವ ಉಪಚಾರ ಸಾಮಾನ್ಯವಾಗಿ ಎರಡೇ. ರ‍್ಯಾಮ್ ಹೆಚ್ಚಿಸುವುದು ಒಂದು, ಹಳೇ ಹಾರ್ಡ್‌ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಹಾಕಿಸುವುದು ಇನ್ನೊಂದು. ಇವೆರಡು ಆದ ಮೇಲೆ ಯಂತ್ರ ಚುರುಕಾಗಿ ಏಳುತ್ತದೆ, ಬ್ರೌಸರ್ ಬೇಗ ತೆರೆಯುತ್ತದೆ, ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿಕೊಂಡಿರುವವರಿಗೆ ಹೊಸ ಕಂಪ್ಯೂಟರಿನ ಆಸೆಯೇ ಹೊರಟುಹೋಗುತ್ತದೆ. ಆದರೆ ಪೆನ್‌ಡ್ರೈವೋ ಪೋರ್ಟಬಲ್ ಡಿಸ್ಕೋ ಸಿಕ್ಕಿಸಿ ದೊಡ್ಡದೊಂದು ಫೋಲ್ಡರನ್ನು ಕಾಪಿಗೆ ಹಾಕಿದ ಕೂಡಲೇ ಅದರ ನಿಜವಾದ ವಯಸ್ಸು ಬಯಲಾಗುತ್ತದೆ. ಪರದೆಯ ಮೇಲಿನ ಹಸಿರು ಪಟ್ಟಿ ಅಂಗುಲ ಅಂಗುಲ ತೆವಳುತ್ತಿರುತ್ತದೆ.

ಇದಕ್ಕೆ ಮೂರನೆಯ ಉಪಚಾರವೊಂದಿದೆ. ಸಾವಿರ ರೂಪಾಯಿ ಆಚೀಚೆಗೆ ಸಿಗುವ, ಅಂಗೈಯಗಲದ ಒಂದು ಕಾರ್ಡು. ಕ್ಯಾಬಿನೆಟ್ ಬಿಚ್ಚಿ ಮದರ್‌ಬೋರ್ಡಿಗೆ ಸಿಕ್ಕಿಸಿದರೆ ಹಿಂಬದಿಯಲ್ಲಿ ಎರಡೋ ನಾಲ್ಕೋ ನೀಲಿ ಯುಎಸ್‌ಬಿ 3.0 ಪೋರ್ಟುಗಳು ಮೂಡುತ್ತವೆ. ಕೆಲಸ ಹತ್ತು ನಿಮಿಷದ್ದು. ಆದರೂ ಈ ಕಾರ್ಡು ಹಾಕಿಸಿಕೊಂಡವರಲ್ಲಿ ಕೆಲವರು ಹಿಗ್ಗುತ್ತಾರೆ, ಕೆಲವರು ದುಡ್ಡು ದಂಡವಾಯಿತು ಎಂದು ಗೊಣಗುತ್ತಾರೆ. ಗೊಣಗುವವರ ಪೈಕಿ ಬಹಳ ಮಂದಿ ಅಂಗಡಿಯಲ್ಲಿ ನೋಡಿದ್ದು ಡಬ್ಬದ ಮೇಲಿನ ದೊಡ್ಡ ಅಂಕಿಯನ್ನು. ಮೊದಲು ನೋಡಬೇಕಾದ್ದು ಮನೆಯಲ್ಲಿರುವ ಮದರ್‌ಬೋರ್ಡಿನ ಸ್ಲಾಟನ್ನು, ಆಮೇಲೆ ಅದಕ್ಕೆ ಸಿಕ್ಕಿಸಲಿರುವ ಡಿಸ್ಕನ್ನು. ಡಬ್ಬದ ಅಂಕಿಯ ಸರದಿ ಕೊನೆಗೆ.

ಮದುವೆ ಸೀಸನ್ನಿನಲ್ಲಿ ಸಣ್ಣ ಊರಿನ ಫೋಟೊ ಸ್ಟುಡಿಯೊ ಹೊಕ್ಕರೆ ಸಮಸ್ಯೆಯ ಅಳತೆ ಸಿಗುತ್ತದೆ. ಧಾರೆ, ಆರತಕ್ಷತೆ ಎರಡನ್ನೂ ತುಂಬಿಕೊಂಡು ಬಂದ 64 ಜಿಬಿಯ ಮೆಮೊರಿ ಕಾರ್ಡನ್ನು ರೀಡರ್‌ಗೆ ಹಾಕಿ ಹಳೇ ಡೆಸ್ಕ್‌ಟಾಪ್‌ಗೆ ಸುರಿದುಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಕಾರಣ ಯುಎಸ್‌ಬಿ 2.0. ಅದರ ಕಾಗದದ ಮೇಲಿನ ವೇಗ ಸೆಕೆಂಡಿಗೆ 480 ಮೆಗಾಬಿಟ್. ಎಂಟರಿಂದ ಭಾಗಿಸಿದರೆ 60 ಮೆಗಾಬೈಟ್. ಮಾತುಕತೆಯ ಖರ್ಚುಗಳೆಲ್ಲ ಕಳೆದು ಕೈಗೆ ಸಿಗುವುದು ಮೂವತ್ತರಿಂದ ನಲವತ್ತು ಎಂಬಿ. ಅದೇ ಕಾರ್ಡು ವೇಗದ ರೀಡರ್ ಮೂಲಕ ಯುಎಸ್‌ಬಿ 3.0ರ ಪೋರ್ಟಿಗೆ ಬಿದ್ದರೆ ಸೆಕೆಂಡಿಗೆ 90 ಎಂಬಿ ಆಸುಪಾಸು ಕೊಡಬಲ್ಲದು. ಅರ್ಧ ಗಂಟೆಯ ಕೆಲಸ ಹನ್ನೆರಡು ನಿಮಿಷಕ್ಕೆ ಇಳಿಯುತ್ತದೆ. ವರ್ಷದ ಕೊನೆಗೆ ಒಂದು ಟೆರಾಬೈಟ್ ಬ್ಯಾಕಪ್ ತೆಗೆಯುವವರ ಲೆಕ್ಕ ಇನ್ನೂ ಮಜವಾಗಿದೆ: ಹಳೇ ಪೋರ್ಟಿನಲ್ಲಿ ಸುಮಾರು ಎಂಟು ತಾಸು, ನೀಲಿ ಪೋರ್ಟಿನಲ್ಲಿ ಸಾಧಾರಣ ಪೋರ್ಟಬಲ್ ಡಿಸ್ಕಿಗೂ ಎರಡೂವರೆ ತಾಸು.

ಈ ಎರಡು ಕಾಲದ ನಡುವಿನ ಗೆರೆ ಎಲ್ಲಿದೆ? ಯುಎಸ್‌ಬಿಯ ಮೊದಲ ರೂಪ ಬಂದದ್ದು 1996ರಲ್ಲಿ. ಇಂಟೆಲ್‌ನಲ್ಲಿ ಅದರ ಹಿಂದೆ ದುಡಿದ ತಂಡದ ಪ್ರಮುಖ ಅಜಯ್ ಭಟ್ ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಆಗಿನ ಗರಿಷ್ಠ ವೇಗ 12 ಮೆಗಾಬಿಟ್, ಕೀಬೋರ್ಡು ಮೌಸು ಪ್ರಿಂಟರುಗಳಿಗೆ ಅದು ಧಾರಾಳ. 2000ದ ಏಪ್ರಿಲ್‌ನಲ್ಲಿ 2.0 ಬಂತು. ಆಮೇಲೆ ಎಂಟೂವರೆ ವರ್ಷ ಯಾರೂ ಅದನ್ನು ಮುಟ್ಟಲಿಲ್ಲ. 3.0ರ ನಿಯಮಾವಳಿ ಪ್ರಕಟವಾದದ್ದು 2008ರ ನವೆಂಬರ್‌ನಲ್ಲಿ, ವೇಗ ಒಮ್ಮೆಲೇ ಹತ್ತು ಪಟ್ಟು ಹಾರಿ 5 ಗಿಗಾಬಿಟ್. ಹಳೆಯ ನಾಲ್ಕು ತಂತಿಗಳ ಪಕ್ಕ ಇನ್ನೂ ಐದು ಸೇರಿದವು. ಹೋಗುವ ಮಾಹಿತಿಗೆ ಒಂದು ಜೋಡಿ, ಬರುವ ಮಾಹಿತಿಗೆ ಇನ್ನೊಂದು ಜೋಡಿ, ಮಧ್ಯೆ ಒಂದು ಗ್ರೌಂಡ್. 2.0ರಲ್ಲಿ ಒಂದೇ ಜೋಡಿ ತಂತಿಯಲ್ಲಿ ಸರದಿಯ ಮೇಲೆ ಹೋಗಿ ಬರಬೇಕಿತ್ತು.

ನಿಯಮ ಬಂದ ಮಾತ್ರಕ್ಕೆ ಪೋರ್ಟು ಬರುವುದಿಲ್ಲ. ಇಂಟೆಲ್ ತನ್ನ ಚಿಪ್‌ಸೆಟ್‌ನೊಳಗೇ 3.0 ಕೂರಿಸಿದ್ದು 2012ರಲ್ಲಿ, ಐವಿ ಬ್ರಿಜ್ ಪ್ರೊಸೆಸರುಗಳ ಜತೆಗೆ ಬಂದ 7ನೇ ಸರಣಿಯಿಂದ. ಎಎಂಡಿ ಅದಕ್ಕೂ ಒಂದು ವರ್ಷ ಮುಂಚೆ ಎ75 ಚಿಪ್‌ಸೆಟ್‌ನಲ್ಲಿ ಕೊಟ್ಟಿತ್ತು. ಹಾಗಾಗಿ 2012ಕ್ಕೆ ಮೊದಲಿನ ಇಂಟೆಲ್ ಯಂತ್ರಗಳಲ್ಲಿ ನೀಲಿ ಪೋರ್ಟು ಇದ್ದರೆ ಅದು ಬೋರ್ಡ್ ತಯಾರಕರು ಪ್ರತ್ಯೇಕ ಚಿಪ್ ಕೂರಿಸಿದ್ದರಿಂದ ಬಂದ ಭಾಗ್ಯ. 2012ರ ನಂತರದ್ದೆಲ್ಲ ಸುರಕ್ಷಿತ ಎಂದೂ ಹೇಳುವಂತಿಲ್ಲ. ನಮ್ಮಲ್ಲಿ ಅಸೆಂಬಲ್ಡ್ ಕಂಪ್ಯೂಟರುಗಳ ಬೆನ್ನೆಲುಬಾಗಿದ್ದ ಎಚ್61 ಬೋರ್ಡು 2011ರ ಪೀಳಿಗೆಯದು, ಅದರ ಚಿಪ್‌ಸೆಟ್‌ನಲ್ಲಿ 3.0 ಇಲ್ಲ, ಅಗ್ಗ ಎಂಬ ಒಂದೇ ಕಾರಣಕ್ಕೆ ಅದು ಎಷ್ಟೋ ವರ್ಷ ಮಾರಾಟವಾಗುತ್ತಲೇ ಇತ್ತು. ಡೆಲ್‌ನ ಆಪ್ಟಿಪ್ಲೆಕ್ಸ್ 7010ರಲ್ಲಿ ನೀಲಿ ಪೋರ್ಟುಗಳಿವೆ. ಅದರ ಜತೆಯಲ್ಲೇ ಬಂದ ಅಗ್ಗದ ತಮ್ಮ 3010ರಲ್ಲಿ ಇಲ್ಲ, ಹಿಂದಿನ ಪೀಳಿಗೆಯ 790ರಲ್ಲೂ ಇಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕಂಪನಿಗಳು ಕೈಬಿಟ್ಟ ಇಂಥ ಬ್ರಾಂಡೆಡ್ ಯಂತ್ರಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವವರು ಮಾದರಿ ಸಂಖ್ಯೆಯನ್ನು ಎರಡು ಸಲ ಓದಿಕೊಳ್ಳುವುದು ಒಳ್ಳೆಯದು.

ನೀಲಿ ಬಣ್ಣದ ಬಗ್ಗೆ ಒಂದು ಮಾತು. ಅದು ಕಡ್ಡಾಯವೇನೂ ಅಲ್ಲ, ನಿಯಮಾವಳಿಯ ಶಿಫಾರಸು. ಕಪ್ಪು ಪ್ಲಾಸ್ಟಿಕ್ಕಿನ 3.0 ಪೋರ್ಟುಗಳೂ ಇವೆ, ನೀಲಿ ಬಳಿದ ಕಳ್ಳ 2.0 ಪೋರ್ಟುಗಳೂ ಇವೆ. ಟಾರ್ಚ್ ಹಿಡಿದು ಪೋರ್ಟಿನೊಳಗೆ ಇಣುಕಿದರೆ ನಾಲ್ಕು ಸಂಪರ್ಕಗಳ ಜತೆಗೆ ಇನ್ನೂ ಐದು ಕಾಣಬೇಕು. ಇನ್ನು ಹೆಸರುಗಳ ಗೋಜಲು. 3.0 ಎಂದು ಹುಟ್ಟಿದ್ದು 2013ರಲ್ಲಿ 3.1 ಜೆನ್ 1 ಆಯಿತು, 2017ರಲ್ಲಿ 3.2 ಜೆನ್ 1 ಆಯಿತು. ಮೂರೂ ಒಂದೇ ಸರಕು, ಮೂರರ ವೇಗವೂ 5 ಗಿಗಾಬಿಟ್. ಡಬ್ಬದ ಮೇಲೆ 3.2 ಎಂದು ಕಂಡು ಇನ್ನೂರು ರೂಪಾಯಿ ಹೆಚ್ಚಿಗೆ ಕೊಟ್ಟವರನ್ನು ದೂರಿ ಫಲವಿಲ್ಲ, ಹೆಸರಿಟ್ಟವರೇ ಹಾಗೆ ಇಟ್ಟಿದ್ದಾರೆ. 2022ರ ಹೊತ್ತಿಗೆ ಅವರಿಗೂ ಸಾಕೆನಿಸಿ, ಇನ್ನು ಮುಂದೆ ವೇಗವನ್ನಷ್ಟೇ ಬರೆಯಿರಿ ಎಂದರು. ಅಂಗಡಿಯಲ್ಲೂ ಹಾಗೆಯೇ ಕೇಳಿ: 5 ಗಿಗಾಬಿಟ್ಟೋ ಹತ್ತೋ ಇಪ್ಪತ್ತೋ?

ಈಗ ಸ್ಲಾಟಿನ ವಿಷಯ. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದರೆ ಮದರ್‌ಬೋರ್ಡಿನ ಕೆಳ ಅರ್ಧದಲ್ಲಿ ಮೂರು ಬಗೆಯ ಸೀಳುಗಳು ಕಾಣಬಹುದು. ಉದ್ದನೆಯದು ಗ್ರಾಫಿಕ್ಸ್ ಕಾರ್ಡಿಗೆಂದು ಇಟ್ಟ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್16. ಕಿರುಬೆರಳಿಗಿಂತ ಗಿಡ್ಡದಾದದ್ದು ಎಕ್ಸ್1. ಇನ್ನೊಂದು, ಸಾಮಾನ್ಯವಾಗಿ ಬಿಳಿ ಬಣ್ಣದ್ದು, ಹಳೇ ಕಾಲದ ಪಿಸಿಐ. ಎಕ್ಸ್ ಮುಂದಿನ ಅಂಕಿ ಎಷ್ಟು ಲೇನ್, ಅಂದರೆ ಮಾಹಿತಿ ಓಡುವ ದಾರಿಗಳು, ಇವೆ ಎಂಬುದನ್ನು ಹೇಳುತ್ತದೆ. ಅಗ್ಗದ ಯುಎಸ್‌ಬಿ ಕಾರ್ಡುಗಳೆಲ್ಲ ಒಂದೇ ಲೇನಿನವು. ಒಂದು ಲೇನಿನ ವೇಗ ಎಷ್ಟೆಂಬುದು ಪೀಳಿಗೆಯ ಮೇಲೆ ನಿಂತಿದೆ: ಪಿಸಿಐ ಎಕ್ಸ್‌ಪ್ರೆಸ್ 1ರಲ್ಲಿ ಸೆಕೆಂಡಿಗೆ 250 ಎಂಬಿ, 2ರಲ್ಲಿ 500 ಎಂಬಿ, 3ರಲ್ಲಿ ಸಾವಿರಕ್ಕೆ ತುಸು ಕಡಿಮೆ. ಯುಎಸ್‌ಬಿ 3.0ರ 5 ಗಿಗಾಬಿಟ್ ಕೂಡ, ಎಂಟು ಬಿಟ್ಟನ್ನು ಹತ್ತಾಗಿ ಕಳಿಸುವ ಅದರ ಪದ್ಧತಿಯಿಂದಾಗಿ, ಹೆಚ್ಚೆಂದರೆ 500 ಎಂಬಿ. ಅಂದರೆ ಎರಡನೇ ಪೀಳಿಗೆಯ ಒಂದು ಲೇನ್, 5 ಗಿಗಾಬಿಟ್ಟಿನ ಒಂದು ಪೋರ್ಟಿಗೆ ಸರಿಯಾದ ಜೋಡಿ. ಮೊದಲನೇ ಪೀಳಿಗೆಯ ಲೇನ್ ಅದರ ಅರ್ಧ. ಕೆರೆಯ ತೂಬು ಎಷ್ಟು ದೊಡ್ಡದಿದ್ದರೂ ಗದ್ದೆಗೆ ಬರುವುದು ಕಾಲುವೆ ಹೊತ್ತು ತರುವಷ್ಟೇ ನೀರು.

ನಮ್ಮ ಊರುಗಳಲ್ಲಿ ಇನ್ನೂ ಓಡುತ್ತಿರುವ ಯಂತ್ರಗಳಿಗೆ ಈ ಲೆಕ್ಕ ಅನ್ವಯಿಸಿ ನೋಡೋಣ. ಕೋರ್ 2 ಡುಯೊ, ಡುಯಲ್ ಕೋರ್ ಕಾಲದ ಜಿ31, ಜಿ41 ಬೋರ್ಡುಗಳಲ್ಲಿ ಸ್ಲಾಟುಗಳೆಲ್ಲ ಮೊದಲನೇ ಪೀಳಿಗೆಯವು. ಅಲ್ಲಿ ಹಾಕಿದ ಕಾರ್ಡು ವಾಸ್ತವದಲ್ಲಿ 200 ಎಂಬಿಗಿಂತ ಮೇಲೆ ಹೋಗುವುದು ಅಪರೂಪ. ಮೊದಲ ತಲೆಮಾರಿನ ಕೋರ್ ಐ3, ಐ5 ಕಾಲದ ಎಚ್55 ಬೋರ್ಡುಗಳದು ಒಂದು ವಿಚಿತ್ರ. ಚಿಪ್‌ಸೆಟ್‌ನಿಂದ ಬರುವ ಎಕ್ಸ್1 ಸ್ಲಾಟುಗಳಿಗೆ ಎರಡನೇ ಪೀಳಿಗೆಯ ಹೆಸರಿದ್ದರೂ ಓಡುವುದು ಮೊದಲನೆಯದರ ವೇಗದಲ್ಲೇ. ಎಚ್61ಕ್ಕೆ ಬಂದಾಗ ಚಿತ್ರ ಸುಧಾರಿಸುತ್ತದೆ; ಎಕ್ಸ್1 ಸ್ಲಾಟು ನಿಜಕ್ಕೂ ಎರಡನೇ ಪೀಳಿಗೆಯದು, ಒಳ್ಳೆಯ ಕಾರ್ಡು ಹಾಕಿದರೆ ಎಸ್‌ಎಸ್‌ಡಿಯಿಂದ 400 ಎಂಬಿ ಆಸುಪಾಸು ನಿರೀಕ್ಷಿಸಬಹುದು.

ಎಚ್55 ಇರುವವರಿಗೆ ಒಂದು ಉಪಾಯ ಉಂಟು. ಎಕ್ಸ್1 ಕಾರ್ಡು ಉದ್ದನೆಯ ಎಕ್ಸ್16 ಸ್ಲಾಟಿನಲ್ಲೂ ಕೂರುತ್ತದೆ. ಉಳಿದ ಭಾಗ ಖಾಲಿ ಬಿದ್ದಿರುತ್ತದೆ, ಅಷ್ಟೇ. ಆ ಉದ್ದನೆಯ ಸ್ಲಾಟಿಗೆ ದಾರಿ ನೇರ ಪ್ರೊಸೆಸರ್‌ನಿಂದ, ಅದೂ ಎರಡನೇ ಪೀಳಿಗೆಯ ವೇಗದಲ್ಲಿ. ಗ್ರಾಫಿಕ್ಸ್ ಕಾರ್ಡು ಇಟ್ಟುಕೊಳ್ಳದೆ ಬೋರ್ಡಿನದೇ ಮಾನಿಟರ್ ಕಿಂಡಿ ಬಳಸುವವರು ಯುಎಸ್‌ಬಿ ಕಾರ್ಡನ್ನು ಅಲ್ಲಿ ಹಾಕಿ ದುಪ್ಪಟ್ಟು ವೇಗ ಪಡೆಯಬಹುದು. ಕೆಲವು ಹಳೇ ಬೋರ್ಡುಗಳು ಮಾತ್ರ ಆ ಸ್ಲಾಟಿನಲ್ಲಿ ಏನು ಕೂತರೂ ಗ್ರಾಫಿಕ್ಸ್ ಕಾರ್ಡೇ ಬಂತೆಂದು ಭಾವಿಸಿ ಒಳಗಿನ ಡಿಸ್‌ಪ್ಲೇಯನ್ನು ಆರಿಸಿಬಿಡುತ್ತವೆ. ಪರದೆ ಕಪ್ಪಾದರೆ ಗಾಬರಿಯಾಗದೆ ಕಾರ್ಡು ತೆಗೆದು, ಬಯೋಸ್‌ನಲ್ಲಿ ಒಳಗಿನ ಗ್ರಾಫಿಕ್ಸ್‌ಗೇ ಆದ್ಯತೆ ಕೊಟ್ಟು ಮತ್ತೆ ಯತ್ನಿಸಬೇಕು.

ಪಿಸಿಐ ಸ್ಲಾಟು ಮಾತ್ರ ಇರುವ ಪೆಂಟಿಯಮ್ 4 ಕಾಲದ ಯಂತ್ರಗಳಿಗೂ 3.0 ಕಾರ್ಡುಗಳು ಮಾರುಕಟ್ಟೆಯಲ್ಲಿವೆ. ಹಳೇ ಪಿಸಿಐ ಮಾರ್ಗದ ಒಟ್ಟು ಸಾಮರ್ಥ್ಯವೇ 133 ಎಂಬಿ, ಅದನ್ನು ಆ ಸಾಲಿನ ಎಲ್ಲ ಕಾರ್ಡುಗಳೂ ಹಂಚಿಕೊಳ್ಳಬೇಕು. ಕಾರ್ಡು ಕೆಲಸ ಮಾಡುತ್ತದೆ, 2.0ಕ್ಕಿಂತ ವೇಗವಾಗಿಯೂ ಮಾಡುತ್ತದೆ. ಆದರೆ ಅಷ್ಟು ಹಳೆಯ ಯಂತ್ರಕ್ಕೆ ದುಡ್ಡು ಹಾಕುವುದು ನನ್ನ ಮಟ್ಟಿಗೆ ಮೋಹವೇ ಹೊರತು ಲೆಕ್ಕಾಚಾರವಲ್ಲ.

ಇಷ್ಟು ಓದಿದವರಿಗೆ ಜಿ41 ಇಟ್ಟುಕೊಂಡವರ ಗತಿಯೇನು ಎನ್ನಿಸಬಹುದು. ಅವರೇ ಹೆಚ್ಚು ಲಾಭ ಪಡೆಯುವವರು. ನಾವು ನಿಜವಾಗಿ ಸಿಕ್ಕಿಸುವ ವಸ್ತುಗಳ ವೇಗ ಎಷ್ಟು? ಮನೆ ಮನೆಯಲ್ಲಿರುವ ಎರಡೂವರೆ ಇಂಚಿನ ಪೋರ್ಟಬಲ್ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ನೂರರಿಂದ ನೂರಮೂವತ್ತು ಎಂಬಿಗಿಂತ ಹೆಚ್ಚು ಓದಲಾರದು. ಅದರೊಳಗಿನ ತಟ್ಟೆ ತಿರುಗುವ ವೇಗ ಅಷ್ಟೇ. ಸಾಧಾರಣ ಮೆಮೊರಿ ಕಾರ್ಡು ನೂರರೊಳಗೆ. ಪೆನ್‌ಡ್ರೈವ್‌ಗಳ ಕಥೆ ಕೇಳಲೇಬೇಡಿ, ಮೈಮೇಲೆ 3.0 ಎಂದು ಅಚ್ಚು ಹೊತ್ತ ಅಗ್ಗದ ಪೆನ್‌ಡ್ರೈವ್ ಬರೆಯುವಾಗ ಸೆಕೆಂಡಿಗೆ ಹತ್ತು ಹದಿನೈದು ಎಂಬಿಗೇ ಏದುಸಿರು ಬಿಡುವುದುಂಟು, ಅದನ್ನು ಎಂಥ ಪೋರ್ಟಿಗೆ ಹಾಕಿದರೂ ಅಷ್ಟೇ. ಹೀಗಾಗಿ ಮೊದಲನೇ ಪೀಳಿಗೆಯ ಸ್ಲಾಟಿನ 200 ಎಂಬಿ ಪೋರ್ಟಬಲ್ ಡಿಸ್ಕಿನ ಹಸಿವಿಗಿಂತ ಜಾಸ್ತಿಯೇ. ಎಸ್‌ಎಸ್‌ಡಿ ಇರುವ ಹೊರಗಿನ ಡಬ್ಬಿ ಇಟ್ಟುಕೊಂಡವರಿಗಷ್ಟೇ ಸ್ಲಾಟಿನ ಪೀಳಿಗೆ ಕಾಡುತ್ತದೆ.

ಜಿ31, ಜಿ41 ಬೋರ್ಡುಗಳಿಗೆ ಕಾರ್ಡು ಹಾಕಲು ಇನ್ನೊಂದು ಕಾರಣವಿದೆ, ಇದನ್ನು ಅಂಗಡಿಯವರೂ ಹೇಳುವುದಿಲ್ಲ. ಆ ಬೋರ್ಡುಗಳಲ್ಲಿ ಯುಎಸ್‌ಬಿ ನೋಡಿಕೊಳ್ಳುವ ಐಸಿಎಚ್7 ಚಿಪ್‌ನಲ್ಲಿ ಎಂಟು ಪೋರ್ಟುಗಳಿಗೂ ಸೇರಿ ವೇಗದ ನಿಯಂತ್ರಕ ಇರುವುದು ಒಂದೇ. 480 ಮೆಗಾಬಿಟ್ ಎಂಬುದು ಪ್ರತಿ ಪೋರ್ಟಿನ ಪಾಲಲ್ಲ, ಎಂಟಕ್ಕೂ ಸೇರಿದ ಒಟ್ಟು ಆಸ್ತಿ. ಹಾಗಾಗಿ ಪೆನ್‌ಡ್ರೈವ್‌ನಿಂದ ಪೋರ್ಟಬಲ್ ಡಿಸ್ಕಿಗೆ ನೇರ ಕಾಪಿ ಮಾಡಿದರೆ ಓದುವುದೂ ಬರೆಯುವುದೂ ಅದೇ 35 ಎಂಬಿಯನ್ನು ಹಂಚಿಕೊಂಡು ವೇಗ ಹದಿನೈದು ಹದಿನೆಂಟಕ್ಕೆ ಕುಸಿಯುತ್ತದೆ. ಡಿಸ್ಕು ಹಾಳಾಯಿತೇನೋ ಎಂದು ಎಷ್ಟೋ ಮಂದಿ ಅನುಮಾನಪಟ್ಟಿರುವುದು ಇದೇ ಸಂದರ್ಭದಲ್ಲಿ. ಹೊಸ ಕಾರ್ಡಿನಲ್ಲೂ ನಾಲ್ಕು ಪೋರ್ಟುಗಳು ಒಂದು ಲೇನನ್ನು ಹಂಚಿಕೊಳ್ಳುತ್ತವೆ ನಿಜ. ಆದರೆ ಅಲ್ಲಿ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಒಂದು ಡಿಸ್ಕಿನಿಂದ ಓದಿ ಇನ್ನೊಂದಕ್ಕೆ ಬರೆಯುವಾಗ ಒಂದರ ಕಾಲಿಗೆ ಇನ್ನೊಂದು ತೊಡರುವುದಿಲ್ಲ.

10 ಗಿಗಾಬಿಟ್, 20 ಗಿಗಾಬಿಟ್ ಕಾರ್ಡುಗಳ ಬಗ್ಗೆ ನನ್ನ ಅಭಿಪ್ರಾಯ ನೇರ: ಹಳೇ ಯಂತ್ರಕ್ಕೆ ಅವು ಬೇಡ. 10 ಗಿಗಾಬಿಟ್ಟಿನ ಒಳ್ಳೆಯ ಕಾರ್ಡುಗಳು ಮೂರನೇ ಪೀಳಿಗೆಯ ಎರಡು ಲೇನ್ ಕೇಳುತ್ತವೆ, 20ರವು ನಾಲ್ಕು. ಗಿಡ್ಡ ಎಕ್ಸ್1 ಸ್ಲಾಟಿನಲ್ಲಿ ಅವು ಕೂರುವುದೂ ಇಲ್ಲ. ಎರಡನೇ ಪೀಳಿಗೆಯ ಎಕ್ಸ್16 ಸ್ಲಾಟು ಖಾಲಿಯಿದ್ದು, ಕೈಯಲ್ಲಿ ವೇಗದ ಎನ್‌ವಿಎಂಇ ಡಬ್ಬಿಯಿದ್ದು, ದಿನವೂ ವಿಡಿಯೊ ಸಂಪಾದಿಸುವ ಕೆಲಸವಿದ್ದರೆ 10ರ ಕಾರ್ಡಿನ ಮಾತಾಡಬಹುದು. ಅಷ್ಟೆಲ್ಲ ಇರುವವರು ಹೊಸ ಯಂತ್ರದ ಮಾತನ್ನೇ ಆಡುವುದು ಮೇಲು.

ಹಾಗಾದರೆ 5 ಗಿಗಾಬಿಟ್ಟಿನ, ಎಕ್ಸ್1ರ ಕಾರ್ಡು. ಅದರ ಮೇಲಿನ ಬ್ರಾಂಡ್ ಹೆಸರಿಗಿಂತ ಮಧ್ಯದಲ್ಲಿ ಕೂತ ಕಪ್ಪು ಚಿಪ್ ಯಾರದು ಎಂಬುದು ಮುಖ್ಯ. ಈ ಜಾತಿಯ ಮೊದಲ ಚಿಪ್ ತಂದದ್ದು 2009ರಲ್ಲಿ ಜಪಾನಿನ ಎನ್‌ಇಸಿ. ಮರುವರ್ಷ ಆ ವಿಭಾಗ ರೆನೆಸಾಸ್‌ನೊಳಗೆ ಸೇರಿತು. ಈಗ ರೆನೆಸಾಸ್, ತೈವಾನಿನ ಎಎಸ್‌ಮೀಡಿಯಾ ಮತ್ತು ವಿಐಎ ಲ್ಯಾಬ್ಸ್, ಅಮೆರಿಕದಲ್ಲಿ ಹುಟ್ಟಿದ ಫ್ರೆಸ್ಕೊ ಲಾಜಿಕ್ ಇವುಗಳ ಚಿಪ್‌ಗಳು ಹೆಚ್ಚು ಕಾಣಸಿಗುತ್ತವೆ. ಅಗ್ಗದ ಕಾರ್ಡುಗಳಲ್ಲಿ ಸಿಗುವ ವಿಐಎ ಲ್ಯಾಬ್ಸ್‌ನ ವಿಎಲ್805 ಕೀಳೇನಲ್ಲ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4ರ ಯುಎಸ್‌ಬಿ ಪೋರ್ಟುಗಳನ್ನು ನೋಡಿಕೊಳ್ಳುವುದೂ ಅದೇ ಚಿಪ್, ಅದೂ ಒಂದೇ ಲೇನಿನ ಮೇಲೆ. ಚಿಪ್‌ನ ಹೆಸರನ್ನೇ ಹೇಳದ, ಫೋಟೊದಲ್ಲಿ ಅದರ ಮೇಲಿನ ಅಕ್ಷರ ಉಜ್ಜಿ ಹಾಕಿದ ಕಾರ್ಡನ್ನು ಬಿಟ್ಟುಬಿಡಿ. ಆಪ್ಟಿಪ್ಲೆಕ್ಸ್‌ನಂಥ ತೆಳು ಕ್ಯಾಬಿನೆಟ್ ಇದ್ದರೆ ಲೋ ಪ್ರೊಫೈಲ್ ಪಟ್ಟಿ ಜತೆಗಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಕಾರ್ಡು ಒಳಗೆ ಕೂತು, ಮೂತಿ ಹೊರಗೆ ಬರದೆ ನಗೆಪಾಟಲು. ದಪ್ಪ ಗ್ರಾಫಿಕ್ಸ್ ಕಾರ್ಡಿರುವವರು ಇನ್ನೊಂದನ್ನು ಗಮನಿಸಬೇಕು: ಸಣ್ಣ ಬೋರ್ಡುಗಳಲ್ಲಿ ಎಕ್ಸ್1 ಸ್ಲಾಟು ಅದರ ಫ್ಯಾನಿನ ಅಡಿಯಲ್ಲೇ ಹೂತುಹೋಗಿರುತ್ತದೆ.

ಹಿಂಬದಿಗೆ ಬಗ್ಗಿ ಪೆನ್‌ಡ್ರೈವ್ ಸಿಕ್ಕಿಸುವುದು ಸೊಂಟಕ್ಕೆ ಶಿಕ್ಷೆ. ಅದಕ್ಕೂ ದಾರಿಯಿದೆ. ಕೆಲವು ಕಾರ್ಡುಗಳ ಒಳಬದಿಯಲ್ಲಿ 19 ಪಿನ್ನಿನ ಕಿಂಡಿ ಇರುತ್ತದೆ. ಅದರಿಂದ ಕೇಬಲ್ ಎಳೆದು ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಎರಡು ಪೋರ್ಟು ತರಬಹುದು. ಅವನ್ನು ಕೂರಿಸಲು ಜಾಗ? ಹಳೇ ಕ್ಯಾಬಿನೆಟ್ಟಿನಲ್ಲಿ ಫ್ಲಾಪಿ ಡ್ರೈವಿಗೆಂದು ಬಿಟ್ಟ ಮೂರೂವರೆ ಇಂಚಿನ ಕಿಂಡಿ ಎಷ್ಟೋ ಕಾಲದಿಂದ ಪ್ಲಾಸ್ಟಿಕ್ ಮುಚ್ಚಳ ಹೊದ್ದು ಮಲಗಿದೆ. ಅದೇ ಅಳತೆಯ ಯುಎಸ್‌ಬಿ ಪ್ಯಾನೆಲ್‌ಗಳು ಸಿಗುತ್ತವೆ.

ಬಹುತೇಕರು ಕಡೆಗಣಿಸುವುದು ವಿದ್ಯುತ್ತನ್ನು. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದ್ದು 500 ಮಿಲಿಆಂಪ್, 3.0 ಪೋರ್ಟು 900. ಎರಡರದೂ 5 ವೋಲ್ಟ್. ನಾಲ್ಕು ನೀಲಿ ಪೋರ್ಟುಗಳೂ ಪೂರ್ತಿ ಬೇಡಿದರೆ 18 ವ್ಯಾಟ್ ಆಯಿತು. ಎಕ್ಸ್1 ಕಾರ್ಡಿಗೆ ಸ್ಲಾಟು ಸಾಮಾನ್ಯವಾಗಿ ಖಾತರಿ ಕೊಡುವುದು 10 ವ್ಯಾಟ್. ಮತ್ತೊಂದು ತೊಡಕೆಂದರೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ 12 ವೋಲ್ಟ್ ಇದೆ, 3.3 ವೋಲ್ಟ್ ಇದೆ, ಯುಎಸ್‌ಬಿಗೆ ಬೇಕಾದ 5 ವೋಲ್ಟೇ ಇಲ್ಲ. ಹಾಗಾಗಿ ಕಾರ್ಡು ಒಂದೋ 12ನ್ನು ತಾನೇ ಇಳಿಸಿಕೊಳ್ಳಬೇಕು, ಇಲ್ಲವೇ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿಯಲ್ಲಿ 5 ವೋಲ್ಟ್ ಎಳೆದುಕೊಳ್ಳಬೇಕು. ಕಾರ್ಡಿನ ತುದಿಯಲ್ಲಿ ದೊಡ್ಡ ಹಲ್ಲಿನ ಮೋಲೆಕ್ಸ್ ಅಥವಾ ಚಪ್ಪಟೆ ಸಾಟಾ ಕಿಂಡಿ ಇರುವುದು ಇದಕ್ಕೇ. ಅದು ಅಲಂಕಾರಕ್ಕಿದೆ ಎಂದುಕೊಂಡು ಖಾಲಿ ಬಿಟ್ಟರೆ ಮೌಸು ಓಡುತ್ತದೆ, ಪೋರ್ಟಬಲ್ ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡಿ ಮಾಯವಾಗುತ್ತದೆ. ಡಿಸ್ಕಿನ ತಟ್ಟೆ ತಿರುಗಲು ಶುರುವಾಗುವ ಮೊದಲ ಕೆಲವು ಕ್ಷಣಗಳಲ್ಲೇ ಅತಿ ಹೆಚ್ಚು ಕರೆಂಟು ಬೇಕು. ಕಾಪಿಯ ನಡುವೆ ಡಿಸ್ಕು ಕಳಚಿಕೊಂಡರೆ ಫೈಲುಗಳು ಕೆಡುವ ಅಪಾಯವೂ ಇದೆ.

ಎಸ್‌ಎಂಪಿಎಸ್ ಕೂಡ ಕಂಪ್ಯೂಟರಿನಷ್ಟೇ ಹಳೆಯದು ಎಂಬುದನ್ನು ಮರೆಯಬಾರದು. ಅಗ್ಗದ ಎಸ್‌ಎಂಪಿಎಸ್‌ಗಳ ಮೈಮೇಲೆ ಅಂಟಿಸಿದ 450 ವ್ಯಾಟ್ ಎಂಬ ಚೀಟಿಯನ್ನು ನಾನಂತೂ ನಂಬುವುದಿಲ್ಲ. ಮೋಲೆಕ್ಸ್ ತಂತಿಯಿದ್ದು ಕಾರ್ಡಿಗೆ ಸಾಟಾ ಬೇಕಾದರೆ ಪರಿವರ್ತಕ ತಂತಿ ಸಿಗುತ್ತದೆ, ಅದರಲ್ಲೂ ಒಂದು ಎಚ್ಚರ: ತಂತಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹೊಯ್ದು ಮುಚ್ಚಿದ ಅಗ್ಗದ ಪರಿವರ್ತಕಗಳು ಒಳಗೇ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳಿವೆ. ತಂತಿಯ ಒಂದೊಂದು ಪಿನ್ನೂ ಬೇರೆಯಾಗಿ ಕಾಣುವ ಬಗೆಯದನ್ನು ಆರಿಸಿ.

ಜೋಡಣೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟು ಇಳಿಸಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಂಡು ಕಾರ್ಡನ್ನು ನೇರವಾಗಿ ಒತ್ತಿ ಕೂರಿಸಿ. ಸ್ಕ್ರೂ ಮರೆಯಬೇಡಿ. ಪೆನ್‌ಡ್ರೈವ್ ಎಳೆದಾಗಲೆಲ್ಲ ಕಾರ್ಡು ಅಲ್ಲಾಡಿದರೆ ಸ್ಲಾಟೇ ಸಡಿಲವಾದೀತು.

ಡ್ರೈವರ್ ವಿಷಯದಲ್ಲಿ ಅದೃಷ್ಟ ನಿಂತಿರುವುದು ವಿಂಡೋಸ್‌ನ ಆವೃತ್ತಿಯ ಮೇಲೆ. ವಿಂಡೋಸ್ 8ರಿಂದ ಮುಂದಕ್ಕೆ 3.0ರ ಬೆಂಬಲ ಒಳಗೇ ಇದೆ, ಕಾರ್ಡು ಹಾಕಿದೊಡನೆ ಗುರುತು ಸಿಗುತ್ತದೆ. ವಿಂಡೋಸ್ 7ರಲ್ಲಿ ಇಲ್ಲ. ಚಿಪ್ ತಯಾರಕರ ಡ್ರೈವರ್ ಹಾಕಲೇಬೇಕು. ಕಾರ್ಡಿನ ಜತೆ ಬರುವ ಪುಟ್ಟ ಸಿಡಿಯನ್ನು ಓದುವ ಡ್ರೈವ್ ಈಗ ಯಾರ ಬಳಿ ಇದೆ? ಹಾಗಾಗಿ ಕೊಳ್ಳುವ ಮೊದಲೇ ಆ ಚಿಪ್‌ಗೆ 7ರ ಡ್ರೈವರ್ ಡೌನ್‌ಲೋಡ್‌ಗೆ ಸಿಗುತ್ತದೆಯೇ ನೋಡಿಕೊಳ್ಳಿ. ಲಿನಕ್ಸ್ ಇವೆಲ್ಲಕ್ಕಿಂತ ಮುಂದಿತ್ತು. 2009ರ ಸೆಪ್ಟೆಂಬರ್‌ನಲ್ಲಿ ಬಂದ 2.6.31ನೇ ಕರ್ನೆಲ್‌ನಲ್ಲೇ, ಅಂಗಡಿಗಳಲ್ಲಿ ನೀಲಿ ಪೋರ್ಟು ಕಾಣುವ ಮೊದಲೇ, 3.0ರ ಬೆಂಬಲ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತು, 11ಕ್ಕೆ ಹಳೇ ಪ್ರೊಸೆಸರುಗಳು ಅರ್ಹವಲ್ಲ ಎಂದಾದ ಮೇಲೆ ಲಿನಕ್ಸ್ ಮಿಂಟ್‌ನಂಥವನ್ನು ಹಾಕಿಕೊಂಡ ಹಳೇ ಯಂತ್ರಗಳಿಗೆ ಇದು ಒಳ್ಳೆಯ ಸುದ್ದಿ.

ಕೆಲಸ ಮುಗಿದ ಮೇಲೆ ಪರೀಕ್ಷೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಎಕ್ಸ್‌ಟೆನ್ಸಿಬಲ್ ಹೋಸ್ಟ್ ಕಂಟ್ರೋಲರ್ ಎಂಬ ಹೆಸರು ಮೂಡಿರಬೇಕು. ಲಿನಕ್ಸ್‌ನಲ್ಲಿ ಯುಎಸ್‌ಬಿ ಸಾಧನಗಳ ಪಟ್ಟಿಯನ್ನು ಕವಲು ಕವಲಾಗಿ ತೋರಿಸೆಂದು ಕೇಳಿದರೆ ಪ್ರತಿಯೊಂದರ ಎದುರು 480ಎಂ ಎಂದೋ 5000ಎಂ ಎಂದೋ ಬರೆದಿರುತ್ತದೆ. ನೀಲಿ ಪೋರ್ಟಿನಲ್ಲಿದ್ದೂ 480 ಎಂದೇ ಕಂಡರೆ ಮೊದಲು ಕೇಬಲ್ ನೋಡಿ. ಪೋರ್ಟಬಲ್ ಡಿಸ್ಕುಗಳ ಅಗಲವಾದ, ನಡುವೆ ಸೊಂಟವಿರುವ ಆ ಕಿಂಡಿಯ ಒಂದು ಪಕ್ಕಕ್ಕೆ ಹಳೇ ಮೊಬೈಲ್ ಚಾರ್ಜರಿನ ಮೈಕ್ರೊ ಯುಎಸ್‌ಬಿ ಪಿನ್ನು ಸಲೀಸಾಗಿ ಕೂರುತ್ತದೆ. ಡಿಸ್ಕು ಓಡುತ್ತದೆ ಕೂಡ, 2.0ರ ವೇಗದಲ್ಲಿ. ಮೂಲ ಕೇಬಲ್ ಕಳೆದು ಮೊಬೈಲಿನದನ್ನು ಚುಚ್ಚಿಕೊಂಡು ವರ್ಷಗಟ್ಟಲೆ ಕಾದವರಿದ್ದಾರೆ. ಇನ್ನೊಂದು ಚೋದ್ಯ: ಪ್ಲಗ್ಗನ್ನು ತೀರ ನಿಧಾನವಾಗಿ ತಳ್ಳಿದರೆ ಹಳೇ ನಾಲ್ಕು ಸಂಪರ್ಕಗಳು ಮೊದಲು ತಾಗಿ, ಕಂಪ್ಯೂಟರ್ ಅದನ್ನು 2.0 ಎಂದೇ ಬರೆದುಕೊಂಡುಬಿಡುವುದುಂಟು. ತೆಗೆದು ಒಂದೇ ಏಟಿಗೆ ಸಿಕ್ಕಿಸಿದರೆ ಸರಿಹೋಗುತ್ತದೆ.

ಈ ಕಾರ್ಡು ಎಲ್ಲರಿಗೂ ಬೇಕೇ? ಹಳೇ ಡೆಸ್ಕ್‌ಟಾಪ್‌ನ ಫೈಲುಗಳನ್ನೆಲ್ಲ ಹೊಸ ಲ್ಯಾಪ್‌ಟಾಪ್‌ಗೆ ಸಾಗಿಸಿ ಕೈತೊಳೆದುಕೊಳ್ಳುವವರಿಗೆ ಬೇಡ. ಆ ಕಾಲದ ಬಹಳಷ್ಟು ಬೋರ್ಡುಗಳಲ್ಲಿ ಗಿಗಾಬಿಟ್ ಲ್ಯಾನ್ ಕಿಂಡಿ ಇದೆ. ನಡುವೆ ಒಂದು ನೆಟ್‌ವರ್ಕ್ ಕೇಬಲ್ ಎಳೆದು ಫೋಲ್ಡರ್ ಶೇರ್ ಮಾಡಿದರೆ ಸೆಕೆಂಡಿಗೆ 110 ಎಂಬಿ ಆಸುಪಾಸು, ಅಂದರೆ ಯುಎಸ್‌ಬಿ 2.0ರ ಮೂರು ಪಟ್ಟು, ಪುಕ್ಕಟೆ. ಲ್ಯಾಪ್‌ಟಾಪ್‌ನಲ್ಲೂ ಗಿಗಾಬಿಟ್ ಕಿಂಡಿ ಇರಬೇಕು, ಕೇಬಲ್ ಹಳೇ ನಾಲ್ಕು ತಂತಿಯದಾಗಿರಬಾರದು, ಇಷ್ಟೇ ಷರತ್ತು. ಮೊಬೈಲ್ ಬೇಗ ಚಾರ್ಜ್ ಆಗಲೆಂದು ಕಾರ್ಡು ಕೊಳ್ಳುವವರಿಗೂ ನಿರಾಸೆ ಕಾದಿದೆ. ಟೈಪ್ ಸಿ ಕಿಂಡಿಯಿರುವ ಕಾರ್ಡುಗಳೂ ಸಾಮಾನ್ಯವಾಗಿ ಫಾಸ್ಟ್ ಚಾರ್ಜಿಂಗ್ ಕೊಡುವುದಿಲ್ಲ, ಮಾನಿಟರಿಗೆ ಚಿತ್ರವನ್ನಂತೂ ಕಳಿಸುವುದೇ ಇಲ್ಲ.

ಕಾರ್ಡು ಬಂದ ಮೇಲೂ ಹಳೇ ಕಪ್ಪು ಪೋರ್ಟುಗಳು ನಿರುದ್ಯೋಗಿಗಳಾಗುವುದಿಲ್ಲ. ಕೀಬೋರ್ಡನ್ನು ಅಲ್ಲಿಯೇ ಬಿಡಬೇಕು. ಹಳೇ ಬಯೋಸ್‌ಗೆ ಹೊಸ ಕಾರ್ಡಿನ ಪರಿಚಯವಿಲ್ಲ, ವಿಂಡೋಸ್ ಏಳುವವರೆಗೂ ಅಲ್ಲಿ ಸಿಕ್ಕಿಸಿದ ಯಾವುದೂ ಅದರ ಕಣ್ಣಿಗೆ ಬೀಳುವುದಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡುವುದೂ ಹಳೇ ಪೋರ್ಟಿನಿಂದಲೇ. ವೈರ್‌ಲೆಸ್ ಮೌಸ್ ಬಳಸುವವರಿಗಂತೂ ಇದು ಇನ್ನೂ ಮುಖ್ಯ. 5 ಗಿಗಾಬಿಟ್ಟಿನ ಸಂಕೇತ ಹೊರಸೂಸುವ ರೇಡಿಯೊ ಗದ್ದಲ, ಮೌಸಿನ ಡಾಂಗಲ್ ಮತ್ತು ವೈಫೈ ಮಾತಾಡುವ 2.4 ಗಿಗಾಹರ್ಟ್ಸ್ ಅಲೆಪಟ್ಟಿಯ ಮೇಲೂ ಬೀಳುತ್ತದೆ ಎಂಬುದನ್ನು ಇಂಟೆಲ್ 2012ರಲ್ಲಿ ಅಳತೆಗಳ ಸಮೇತ ಪ್ರಕಟಿಸಿತು. ಡಿಸ್ಕಿಗೆ ಕಾಪಿ ನಡೆಯುತ್ತಿರುವಾಗ ಪಕ್ಕದ ನೀಲಿ ಪೋರ್ಟಿನಲ್ಲಿರುವ ಡಾಂಗಲ್ ಕಿವುಡಾಗಿ ಬಾಣದ ಗುರುತು ತಡವರಿಸತೊಡಗಿದರೆ ಮೌಸಿನ ಸೆಲ್ ಬದಲಿಸುವ ಮೊದಲು ಡಾಂಗಲನ್ನು ಕಿತ್ತು ಮುಂಭಾಗದ ಹಳೇ ಪೋರ್ಟಿಗೆ ಹಾಕಿ. ಮೌಸಿಗೆ 1996ರ ವೇಗವೇ ಇವತ್ತಿಗೂ ಹೆಚ್ಚು.